ಮಂಜುಗಡ್ಡೆಯ ಕಣವನ್ನು ಹುಡುಕಿಕೊಂಡು

ಆಲೂರು, ಸಕಲೇಶಪುರದ ಗುಡ್ಡಗಳಲ್ಲಿ ತೋಟ ಮಾಡಿಕೊಂಡಿರುವ ಕುಟುಂಬಗಳಲ್ಲಿ ಮಗನೋ ಮಗಳೋ ದೂರದ ದೊಡ್ಡ ಪಟ್ಟಣಕ್ಕೆ ಹೋಗಿ ನೆಲಸದ ಮನೆಯನ್ನು ಈಗ ಹುಡುಕಿ ನೋಡಬೇಕು. ಅವರನ್ನು ಕಾಣಲು ನಾವು ಹೋಗುವುದೂ ಉಂಟು. ಆದರೆ ಯಾವಾಗ ಹೋಗಬೇಕೆಂಬುದನ್ನು ನಿರ್ಣಯಿಸುವವರು ನಾವಲ್ಲ, ಕಾಫಿಯ ಗಿಡ. ನವೆಂಬರಿನಲ್ಲಿ ಅರೇಬಿಕಾ ಹಣ್ಣಾಗತೊಡಗುವುದು. ಅದರ ಕೊಯ್ಲು ಮುಗಿಯುವ ಹೊತ್ತಿಗೆ ರೊಬಸ್ಟಾ ಕೆಂಪಗಾಗಿ ನಿಂತಿರುವುದು. ಅದನ್ನು ಬಿಡಿಸಿ, ಕಣದಲ್ಲಿ ಹರವಿ ಒಣಗಿಸಿ, ಮೂಟೆ ಕಟ್ಟಿಸುವಷ್ಟರಲ್ಲಿ ಮಾರ್ಚಿ ಬಂದು, ಹೂಮಳೆಗಾಗಿ ಆಕಾಶವನ್ನು ನೋಡುವ ಕಾಲವಾಗುವುದು. ಜೂನಿನಲ್ಲಿ ಮಳೆ ಹಿಡಿದರೆ ಮನೆ ಬಿಟ್ಟು ಹೊರಡುವ ಮಾತೇ ಇಲ್ಲ. ನಡುವೆ ಉಳಿಯುವುದು ಏಪ್ರಿಲ್, ಮೇ ತಿಂಗಳುಗಳ ಐದಾರು ವಾರಗಳು ಮಾತ್ರ.

ಈ ಲೆಕ್ಕವನ್ನು ಇಲ್ಲಿ ಹೇಳುವುದಕ್ಕೆ ಕಾರಣವುಂಟು. ನನ್ನ ಮಗಳು ಕೆನಡಾ ದೇಶದ ಟೊರಾಂಟೊ ನಗರದಲ್ಲಿದ್ದಾಳೆ. ಅವಳ ಮಗಳಿಗೆ ಹತ್ತು ವರ್ಷ. ಆ ಹುಡುಗಿಯು ಐದನೆಯ ವಯಸ್ಸಿನಲ್ಲಿಯೇ, ಉಕ್ಕಿನ ಅಲಗುಳ್ಳ ಬೂಟುಗಳನ್ನು ಕಾಲಿಗೆ ಬಿಗಿದುಕೊಂಡು ಮಂಜುಗಡ್ಡೆಯ ಮೇಲೆ ಜಾರುತ್ತ ಸಾಗುವ ಐಸ್ ಸ್ಕೇಟಿಂಗ್ ಆಟವನ್ನು ಕಲಿತಳು. ಪ್ರತಿ ಡಿಸೆಂಬರಿನಲ್ಲಿಯೂ ಫೋನಿನಲ್ಲಿ ಅವಳದು ಒಂದೇ ಪ್ರಶ್ನೆ: “ತಾತ, ನಾನು ಸ್ಕೇಟ್ ಮಾಡೋದನ್ನ ನೋಡೋಕೆ ಈ ಸಲ ಬರ್ತೀರಾ?” ಪ್ರತಿ ಡಿಸೆಂಬರಿನಲ್ಲಿಯೂ ನನ್ನದು ಒಂದೇ ಉತ್ತರ: “ಕೊಯ್ಲು ಮುಗೀಲಿ, ಮಗಾ.” ಇಲ್ಲಿ ಕೊಯ್ಲು ಮುಗಿಯುವಾಗ ಅಲ್ಲಿ ಮಂಜು ಕರಗಿರುವುದು. ನಾಲ್ಕು ವರ್ಷ ಹೀಗೆಯೇ ನಡೆಯಿತು. ಐದನೆಯ ವರ್ಷ ಅವಳು ಆ ಪ್ರಶ್ನೆಯನ್ನು ಕೇಳಲಿಲ್ಲ. ಶಾಲೆಯ ವಿಷಯ ಹೇಳಿದಳು, ಊಟವಾಯಿತೇ ಎಂದು ವಿಚಾರಿಸಿದಳು, ಫೋನನ್ನು ತಾಯಿಯ ಕೈಗೆ ಕೊಟ್ಟಳು. ನಾನು ಗಮನಿಸಿರಲಿಲ್ಲ. ನನ್ನಾಕೆ ರಾತ್ರಿ ದೀಪವಾರಿಸುವಾಗ, “ಮಗು ಕೇಳೋದನ್ನ ಬಿಟ್ಟುಬಿಡ್ತು, ನೋಡಿದಿರಾ?” ಎಂದಳು.

ಆ ವರ್ಷದ ಹೂಮಳೆ ಬಿದ್ದು, ತೋಟವನ್ನು ರೈಟರಿಗೂ ನನ್ನ ತಮ್ಮನಿಗೂ ಒಪ್ಪಿಸಿ, ನಾವಿಬ್ಬರೂ ಹೊರಟೆವು. ಮೇ ತಿಂಗಳಲ್ಲಿ ಮಂಜುಗಡ್ಡೆಯನ್ನು ಹುಡುಕಿಕೊಂಡು ಹೋಗುವ ಈ ಪ್ರಯಾಣವನ್ನು ಕೇಳಿ ನಕ್ಕವರೂ ಇದ್ದರು.

ಟೊರಾಂಟೊ ತಲುಪಿದ ಮೂರನೆಯ ದಿನ ಮೊಮ್ಮಗಳು ನಮ್ಮನ್ನು ನೇಥನ್ ಫಿಲಿಪ್ಸ್ ಚೌಕಕ್ಕೆ ಕರೆದುಕೊಂಡು ಹೋದಳು. ಇದು ೧೯೬೫ರಲ್ಲಿ ತೆರೆದ ಹೊಸ ನಗರಸಭಾ ಭವನದ ಮುಂದಿನ ವಿಶಾಲವಾದ ಬಯಲು. ಅಲ್ಲಿರುವ ದೊಡ್ಡ ಕೊಳದ ಮೇಲೆ ಕಾಮನಬಿಲ್ಲಿನಂತೆ ಕಮಾನುಗಳು ಹಾದಿವೆ. ಚಳಿಗಾಲದಲ್ಲಿ ಈ ಕೊಳವೇ ಜಾರುವ ಕಣವಾಗಿ, ಊರಿಗೆ ಊರೇ ಅಲ್ಲಿ ಸೇರುವುದಂತೆ. ನಾವು ಹೋದಾಗ ನೀರು ತುಂಬಿತ್ತು, ಕಾರಂಜಿ ಚಿಮ್ಮುತ್ತಿತ್ತು. “ಇಲ್ಲೇ ತಾತ, ಇಲ್ಲೇ” ಎಂದು ಅವಳು ನೀರನ್ನು ತೋರಿಸಿದಳು. ನಾನು ಏನು ಹೇಳಲಿ? ಮದುವೆಯೆಲ್ಲ ಮುಗಿದ ಮರುದಿನ ಚಪ್ಪರದ ಕೆಳಗೆ ಬಂದು ನಿಂತ ನೆಂಟನ ಸ್ಥಿತಿ ನನ್ನದಾಗಿತ್ತು.

ಆದರೆ ಮಂಜುಗಡ್ಡೆಯು ಋತುವಿನ ಅಧೀನವಾಗಿದ್ದ ಕಾಲ ಎಂದೋ ಹೋಯಿತು. ಜಾನ್ ಗ್ಯಾಮ್ಜೀ ಎಂಬ ಪಶುವೈದ್ಯನು ದೂರದ ದೇಶಗಳಿಂದ ಹಡಗಿನಲ್ಲಿ ಬರುವ ಮಾಂಸವನ್ನು ಕೆಡದಂತೆ ಹೆಪ್ಪುಗಟ್ಟಿಸುವ ಉಪಾಯವನ್ನು ಹುಡುಕುತ್ತಿದ್ದು, ಆ ಪ್ರಯೋಗಗಳ ಫಲವಾಗಿ ೧೮೭೬ರಲ್ಲಿ ಲಂಡನ್ನಿನ ಚೆಲ್ಸಿಯಲ್ಲಿ ಯಂತ್ರದಿಂದ ನೀರನ್ನು ಹೆಪ್ಪುಗಟ್ಟಿಸಿದ ಮೊದಲನೆಯ ಸ್ಕೇಟಿಂಗ್ ಕಣವನ್ನು ತೆರೆದನು. ಇಂದಿನ ಕಣಗಳ ಮೂಲತತ್ತ್ವವೂ ಅದೇ. ಕಾಂಕ್ರೀಟಿನ ನೆಲದೊಳಗೆ ಕೊಳವೆಗಳ ಸಾಲು. ಅವುಗಳಲ್ಲಿ ಸೊನ್ನೆ ಡಿಗ್ರಿಗಿಂತ ಬಹಳ ತಣ್ಣಗಿದ್ದರೂ ಹೆಪ್ಪುಗಟ್ಟದ ಉಪ್ಪುನೀರಿನಂತಹ ದ್ರವ ಹರಿಯುತ್ತಿರುವುದು. ಮೇಲೆ ಸ್ವಲ್ಪ ಸ್ವಲ್ಪವಾಗಿ ನೀರು ಬಿಟ್ಟರೆ ಪದರ ಪದರವಾಗಿ ಗಟ್ಟಿಯಾಗುವುದು. ಇದರ ದಪ್ಪ ಒಂದು ಒಂದೂವರೆ ಅಂಗುಲಕ್ಕಿಂತ ಹೆಚ್ಚಿಲ್ಲ. ಜನ ಜಾರಿ ಜಾರಿ ಗೀರುಬಿದ್ದ ಮೇಲ್ಮೈಯನ್ನು ಸರಿಪಡಿಸಲು ಒಂದು ವಾಹನವುಂಟು. ಅದು ಮೇಲಿನ ಪದರವನ್ನು ಹೆರೆದು, ಹಿಂದಿನಿಂದ ತೆಳುವಾಗಿ ಬಿಸಿನೀರನ್ನು ಹಾಸುತ್ತ ಹೋಗುವುದು. ಬಿಸಿನೀರೇಕೆಂದರೆ, ಅದು ಗೀರುಗಳ ಅಂಚನ್ನು ಕರಗಿಸಿ ಒಂದಾಗಿ ಬೆಸೆಯುವುದು. ೧೯೪೯ರಲ್ಲಿ ಅದನ್ನು ಸಿದ್ಧಪಡಿಸಿದ ಕ್ಯಾಲಿಫೋರ್ನಿಯದ ಫ್ರಾಂಕ್ ಜಾಂಬೋನಿಯ ಹೆಸರಿನಿಂದಲೇ ಜನರು ಅದನ್ನು ಕರೆಯುತ್ತಾರೆ. ಸಗಣಿ ಸಾರಿಸಿದ ಕಣವನ್ನು ಕಂಡವರಿಗೆ ಆ ಕೆಲಸವನ್ನು ನೋಡುವುದೇ ಒಂದು ಆನಂದ.

ಹೀಗಾಗಿ ಬೇಸಗೆಯಲ್ಲಿಯೂ ಮಂಜುಗಡ್ಡೆ ಸಿಗಬಹುದೆಂದು ನಮಗೆ ಗೊತ್ತಿತ್ತು; ಎಲ್ಲಿ ಎಂಬುದೇ ತಿಳಿಯದು. ಮೊದಲು ಹೋದ ಮುಚ್ಚಿದ ಕ್ರೀಡಾಂಗಣದಲ್ಲಿ ಬರಿಯ ಕಾಂಕ್ರೀಟು ನೆಲ. ಚಳಿಗಾಲದ ಆಟಗಳು ಮುಗಿದೊಡನೆ ಮಂಜುಗಡ್ಡೆಯನ್ನು ತೆಗೆದುಬಿಡುವ ಪದ್ಧತಿ ಅನೇಕ ಕಡೆ ಇದೆ. ಎರಡನೆಯದಕ್ಕೆ ಅಳಿಯಂದಿರು ಮುಂಚಿತವಾಗಿ ಫೋನ್ ಮಾಡಿ, “ಐಸ್ ಇದೆಯೇ?” ಎಂದು ಕೇಳಿಯೇ ಹೊರಟರು. ಇದೆ ಎಂದರು; ಹೋಗಿ ನೋಡಿದರೆ ನಿಜವಾಗಿಯೂ ಇತ್ತು. ಆದರೆ ಆ ಸಂಜೆಯೆಲ್ಲ ಹಾಕಿ ಆಡುವ ಒಂದು ತಂಡಕ್ಕೆ ಬಾಡಿಗೆಗೆ ಕೊಟ್ಟಿದ್ದರು. ಗಾಜಿನ ಈಚೆ ಅರ್ಧ ಗಂಟೆ ನಿಂತು ಮರಳಿದೆವು. ಮೊಮ್ಮಗಳು ಕಾರಿನಲ್ಲಿ ಬೂಟುಗಳನ್ನು ತೊಡೆಯ ಮೇಲಿಟ್ಟುಕೊಂಡು ಮೌನವಾಗಿ ಕುಳಿತಿದ್ದಳು. ಇಂಥಲ್ಲಿ ಕೇಳಬೇಕಾದ ಪ್ರಶ್ನೆ ಐಸ್ ಇದೆಯೇ ಎಂಬುದಲ್ಲ. ಸಾರ್ವಜನಿಕರನ್ನು ಬಿಡುವ ವೇಳೆ ಯಾವುದು, ಬಾಡಿಗೆಗೆ ಬೂಟು ದೊರೆಯುವುದೇ, ನಮ್ಮ ಅಳತೆಯದು ಇದೆಯೇ ಎಂಬುದು. ಬಾಡಿಗೆಯ ಬೂಟು ಇಲ್ಲದ ಕಣಗಳೂ ಉಂಟು.

ಮೂರನೆಯ ಸಲ, ಒಂದು ಭಾನುವಾರ ಮಧ್ಯಾಹ್ನ, ಊರ ಹೊರಭಾಗದ ಒಂದು ಕಣದಲ್ಲಿ ಕೆಲಸ ಕೈಗೂಡಿತು. ಹೊರಗೆ ಬಿಸಿಲು, ಒಳಗೆ ಕಾಲಿಟ್ಟರೆ ನಮ್ಮ ಪುಷ್ಯಮಾಸದ ಬೆಳಗಿನ ಜಾವದಂತಹ ಚಳಿ. ಶಾಲು ತಂದಿದ್ದೆವು, ಕೈಚೀಲ ತರಲು ಮರೆತಿದ್ದೆವು. ಮೊಮ್ಮಗಳು ಬಾಗಿ ಲೇಸು ಬಿಗಿದಳು. ಬೆರಳಿನ ಕಡೆ ಸಡಿಲ, ಹರಡಿನ ಕಡೆ ಬಿಗಿ. ಎದ್ದಳು, ಕಟ್ಟೆಯನ್ನು ದಾಟಿದಳು, ಹೊರಟೇಹೋದಳು. ಐದು ವರ್ಷದಿಂದ ಫೋನಿನ ಗೇಣಗಲದ ಗಾಜಿನಲ್ಲಿ ಕಂಡ ಮಗು ಇದೇ ಎಂದು ನಂಬುವುದು ಕಷ್ಟವಾಯಿತು. ದೂರದ ತಿರುವಿನಲ್ಲಿ ಒಂದು ಕಾಲನ್ನು ಇನ್ನೊಂದರ ಮೇಲಿಂದ ದಾಟಿಸಿ ವಾಲಿದಾಗ ನನ್ನ ಎದೆ ಹಾರಿತು. ಅವಳು ಮಾತ್ರ ಹೇಮಾವತಿಯ ತಿರುವಿನಲ್ಲಿ ನೀರು ಹರಿದಂತೆ ಹರಿದು ಬಂದಳು. ಪ್ರತಿ ಸುತ್ತಿನಲ್ಲಿಯೂ ನಮ್ಮೆದುರಿಗೆ ಬಂದಾಗ, ನಾವು ನೋಡುತ್ತಿದ್ದೇವೆಯೋ ಇಲ್ಲವೋ ಎಂದು ಒಮ್ಮೆ ಈ ಕಡೆ ತಿರುಗುವಳು. ಎಷ್ಟು ಸುತ್ತಾದರೂ ಅದನ್ನು ಬಿಡಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ನನ್ನಾಕೆ ತನಗೂ ಒಂದು ಜೊತೆ ಬೂಟು ಬೇಕೆಂದಳು. ಅರವತ್ತು ದಾಟಿದವಳು, ಎಲುಬು ಮುರಿದರೆ ಗತಿಯೇನೆಂದು ನಾನೂ ಮಗಳೂ ತಡೆದೆವು. “ಆಷಾಢದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಕೊಡಪಾನ ಹೊತ್ತು ನಡೆದವಳು ನಾನು. ಹುಡುಗಿಯಾಗಿದ್ದಾಗ ಅಡಿಕೆ ಹಾಳೆ ಮೇಲೆ ಕೂತು ಗುಡ್ಡದಿಂದ ಜಾರಿದ್ದೂ ಉಂಟು” ಎಂದಳು. ತಲೆಗೆ ಹೆಲ್ಮೆಟ್ ಹಾಕಿಸಿ, ಮೊಮ್ಮಗಳು ಒಂದು ಕೈ, ಅಳಿಯಂದಿರು ಒಂದು ಕೈ ಹಿಡಿದು ಇಳಿಸಿದರು. ಮಂಡಿಯನ್ನು ಸ್ವಲ್ಪ ಬಗ್ಗಿಸುವುದು, ಹೆಜ್ಜೆ ಕಿತ್ತಿಡದೆ ಓರೆಯಾಗಿ ನೂಕುವುದು, ಬೀಳುವಂತಾದರೆ ಹಿಂದಕ್ಕೆ ಬೀಳದೆ ಕುಸಿದು ಪಕ್ಕಕ್ಕೆ ಬೀಳುವುದು: ಇಷ್ಟೇ ಪಾಠ. ಗೋಡೆಯ ಬದಿಯಲ್ಲಿಯೇ ಎರಡು ಸುತ್ತು ಬಂದಳು. ನಾನು ಹೋಗಲಿಲ್ಲ. ಹೋಗಬೇಕಾಗಿತ್ತೆಂದು ಈಗ ಅನ್ನಿಸುತ್ತದೆ. ಆದರೆ ಮೂಳೆ ಸವೆದಿರುವವರೂ ತಲೆಸುತ್ತು ಉಳ್ಳವರೂ ವೈದ್ಯರನ್ನು ಕೇಳದೆ ನನ್ನಾಕೆಯ ದಾರಿ ಹಿಡಿಯತಕ್ಕದ್ದಲ್ಲ.

ಈ ಆಟವನ್ನು ನೋಡಲು ಕೆನಡಾಕ್ಕೇ ಹೋಗಬೇಕೆಂದಿಲ್ಲ. ಶಿಮ್ಲಾದಲ್ಲಿ ೧೯೨೦ರಿಂದಲೂ ಬಯಲಿನಲ್ಲಿ ಸಹಜವಾದ ಚಳಿಯಿಂದಲೇ ನೀರು ಹೆಪ್ಪುಗಟ್ಟಿಸುವ ಕಣವಿದೆ. ಅದು ಚಳಿಗಾಲದ್ದು, ನಮ್ಮ ಕೊಯ್ಲಿನ ಕಾಲದಲ್ಲಿಯೇ ಬರುವುದು. ಅದೂ ಬಿಸಿಲು ಬಲಿತರೆ ಆ ದಿನ ಆಟವಿಲ್ಲ. ದೆಹಲಿಯಲ್ಲಿ ಮಕ್ಕಳಿರುವವರಿಗೆ ಪಕ್ಕದ ಗುರುಗ್ರಾಮದ ಆಂಬಿಯೆನ್ಸ್ ಮಾಲಿನೊಳಗಿನ ಕಣವೇ ಸಮೀಪದ್ದು; ಅದು ಯಂತ್ರದ್ದಾದ್ದರಿಂದ ಬೇಸಗೆಯ ಅಡ್ಡಿಯಿಲ್ಲ. ಡೆಹ್ರಾಡೂನಿನಲ್ಲಿ ೨೦೧೧ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡೆಗಳಿಗಾಗಿ ಕಟ್ಟಿದ ದೊಡ್ಡ ಕಣವು ವರ್ಷಗಟ್ಟಲೆ ಮುಚ್ಚಿದ್ದು, ೨೦೨೫ರಲ್ಲಿ ಮತ್ತೆ ತೆರೆಯಿತು. ನಮ್ಮವರು ಬಹು ಸಂಖ್ಯೆಯಲ್ಲಿರುವ ದುಬೈಯಲ್ಲಿ, ಮರಳುಗಾಡಿನ ನಡುವೆ, ದುಬೈ ಮಾಲಿನಲ್ಲಿಯೇ ಒಂದಿದೆ. ನ್ಯೂಯಾರ್ಕಿನಲ್ಲಿ ೧೯೩೬ರ ಕ್ರಿಸ್‌ಮಸ್ ದಿನ ತೆರೆದ ರಾಕ್‌ಫೆಲರ್ ಸೆಂಟರಿನದು ಹೆಸರಾದದ್ದಾದರೂ ಚಳಿಗಾಲಕ್ಕೆ ಸೇರಿದ್ದು. ಬೇಸಗೆಯಲ್ಲಿ ಹೋದವರು ಹಡ್ಸನ್ ನದಿಯ ದಡದ ಚೆಲ್ಸಿ ಪಿಯರ್ಸಿಗೆ ಹೋಗಬೇಕು. ಇನ್ನು ಬೆಂಗಳೂರಿನಲ್ಲಿ ಇಂಥ ಆಟದ ಸ್ಥಳಗಳು ತೆರೆಯುತ್ತ ಮುಚ್ಚುತ್ತ ಇರುವುದರಿಂದ, ಮಕ್ಕಳಿಗೆ ಆಸೆ ಹುಟ್ಟಿಸುವುದಕ್ಕೆ ಮುಂಚೆಯೇ ವಿಚಾರಿಸುವುದೊಳ್ಳೆಯದು. ಮಂಜುಗಡ್ಡೆಯೆಂದು ಹೆಸರಿಟ್ಟು ನುಣುಪಾದ ಪ್ಲಾಸ್ಟಿಕ್ ಹಲಗೆಗಳನ್ನು ಹಾಸಿರುವುದೂ ಉಂಟು. ಕಲಿಯುವುದಕ್ಕೆ ಅದು ಸಾಲಬಹುದು. ಆದರೆ ಅದರಲ್ಲಿ ಚಳಿಯೂ ಇಲ್ಲ, ಆ ಓಟವೂ ಇಲ್ಲ.

ಚಳಿಗಾಲವನ್ನೇ ನಂಬುವುದೂ ಈಗ ಸಾಧ್ಯವಿಲ್ಲವೆಂದು ಅಳಿಯಂದಿರು ಹೇಳಿದರು. ಕೆನಡಾದ ರಾಜಧಾನಿ ಆಟವಾದಲ್ಲಿ ರಿಡೋ ಕಾಲುವೆಯು ಹೆಪ್ಪುಗಟ್ಟಿದಾಗ ೭.೮ ಕಿಲೋಮೀಟರ್ ಉದ್ದದ ಸ್ಕೇಟಿಂಗ್ ಹಾದಿಯಾಗುವುದು. ಕೆಲಸಕ್ಕೆ ಹೋಗುವವರೂ ಅದರ ಮೇಲೆಯೇ ಜಾರುತ್ತ ಹೋಗುವರು. ೨೦೨೨–೨೩ರ ಚಳಿಗಾಲದಲ್ಲಿ ಮಂಜು ಸಾಕಷ್ಟು ದಪ್ಪವಾಗದೆ, ಆ ಹಾದಿಯನ್ನು ಒಂದು ದಿನವೂ ತೆರೆಯಲಿಲ್ಲ. ಅರ್ಧ ಶತಮಾನದಲ್ಲಿ ಹಾಗಾದದ್ದು ಅದೇ ಮೊದಲು. ಹೂಮಳೆ ತಪ್ಪಿದ ವರ್ಷಗಳನ್ನು ಕಂಡ ನನಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಜೂನಿನ ಮೊದಲ ಮಳೆಗೆ ನಾವು ಊರು ಸೇರಿದೆವು. ಕಳೆದ ಡಿಸೆಂಬರಿನಲ್ಲಿ, ನಾವು ಕಣದಲ್ಲಿ ಕಾಫಿಗೆ ಕೈಯಾಡಿಸುತ್ತಿದ್ದಾಗ, ಫೋನಿಗೆ ಒಂದು ಚಿತ್ರ ಬಂದಿತು: ಅದೇ ಕಮಾನುಗಳು, ಕೆಳಗೆ ಬೆಳ್ಳಗೆ ಮಂಜುಗಡ್ಡೆ, ನಡುವೆ ಕೆಂಪು ಟೋಪಿಯ ಹುಡುಗಿ. ನನ್ನಾಕೆ ಸೆರಗಿಗೆ ಕೈ ಒರೆಸಿಕೊಂಡು ಬಹಳ ಹೊತ್ತು ನೋಡಿದಳು. “ಅವತ್ತು ನೀರಿತ್ತಲ್ಲ, ಅಲ್ಲೇ” ಎಂದಳು. ಸಂಜೆ ಫೋನ್ ಬಂದಾಗ ಪ್ರಶ್ನೆಯೂ ಬಂದಿತು: “ತಾತ, ಮುಂದಿನ ಸಲ ಇಲ್ಲಿಗೇ ಬರ್ತೀರಾ?” ನಾನು ಬಾಯಿ ತೆರೆಯುವುದಕ್ಕೆ ಮುಂಚೆಯೇ ನನ್ನಾಕೆ ಫೋನನ್ನು ಇಸಿದುಕೊಂಡು, ಬಾಡಿಗೆಗೆ ಅಲ್ಲಿ ತನ್ನ ಅಳತೆಯ ಬೂಟು ಸಿಗುವುದೇ ಎಂದು ವಿಚಾರಿಸತೊಡಗಿದಳು.