ಕೂಡಿಟ್ಟ ಕಲೆ ಯಾರ ಪಾಲು?

ರಾಯದುರ್ಗ, ಮಡಕಶಿರಾಗಳ ಕನ್ನಡಿಗರು ನಮಗೆ ದೂರದವರಲ್ಲ. 1953ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಹಂಚಿದಾಗ ರಾಯದುರ್ಗ ತಾಲೂಕು ಆಂಧ್ರದ ಅನಂತಪುರ ಜಿಲ್ಲೆಯ ಪಾಲಾಯಿತು. ಮಡಕಶಿರಾ ಅದಕ್ಕೂ ಮುಂಚಿನಿಂದ ಅನಂತಪುರಕ್ಕೆ ಸೇರಿದ್ದು, 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಮತ್ತೆ ಮೂರೇ ವರ್ಷಕ್ಕೆ, 1956ರಲ್ಲಿ, ನಮಗೇನಾಯಿತೆಂಬುದನ್ನು ಓದುಗರಿಗೆ ಹೇಳಬೇಕಾಗಿಲ್ಲ. ಗಡಿ ಸರಿದರೂ ಮನೆಯ ಪೆಟ್ಟಿಗೆ ಸರಿಯುವುದಿಲ್ಲ. ಅಜ್ಜ ಅಜ್ಜಿ ಕೂಡಿಟ್ಟ ಓಲೆಗರಿ, ಹಿತ್ತಾಳೆಯ ವಿಗ್ರಹ, ಚಿತ್ರಪಟಗಳು ಅಟ್ಟದಲ್ಲೇ ಇರುತ್ತವೆ; ಅವುಗಳ ಮೇಲಿನ ಕನ್ನಡವನ್ನು ಓದಬಲ್ಲ ಮೊಮ್ಮಕ್ಕಳು ಮಾತ್ರ ಕಡಿಮೆಯಾಗುತ್ತಾರೆ. ಇಂಥ ಸೊತ್ತಿನ ಗತಿಯೇನು? ಬಡವರ ಮನೆಯ ಪ್ರಶ್ನೆಯೆಂದು ಯಾರೂ ತಿಳಿಯಬಾರದು. ಬೆಂಗಳೂರಿನ ಒಂದು ಬಲು ದೊಡ್ಡ ಮನೆಯಲ್ಲೂ ಇದೇ ಪ್ರಶ್ನೆ ಎದ್ದಿತ್ತು.

ಆ ಮನೆ ಕನಕಪುರ ರಸ್ತೆಯ ತಾತಗುಣಿ ತೋಟದ್ದು. ಯಜಮಾನರು ಸ್ವೆತೊಸ್ಲಾವ್ ರೋರಿಕ್, 1904ರಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಹುಟ್ಟಿದ ಚಿತ್ರಕಾರ. ಪಾರ್ಲಿಮೆಂಟಿನ ಸೆಂಟ್ರಲ್ ಹಾಲಿನಲ್ಲಿ ತೂಗುಹಾಕಿದ ನೆಹರೂ ಅವರ ಭಾವಚಿತ್ರ ಇವರ ಕೈಯದು. ಯಜಮಾನಿತಿ ದೇವಿಕಾ ರಾಣಿ, ಆಂಧ್ರದ ವಾಲ್ಟೇರಿನಲ್ಲಿ ಹುಟ್ಟಿ, ಬಾಂಬೆ ಟಾಕೀಸಿನ ಮೂಲಕ ಹೆಸರಾಗಿ, ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯನ್ನು ಮೊಟ್ಟಮೊದಲು ಪಡೆದವರು. 1945ರಲ್ಲಿ ಅವರ ವಿವಾಹವಾಯಿತು. 470 ಎಕರೆಗೆ ಮಿಕ್ಕಿದ ತೋಟದಲ್ಲಿ ಲಿನಲೋ ಮರಗಳನ್ನು ಬೆಳೆಸಿದರು. ಅದರ ಕಾಯಿಯ ಎಣ್ಣೆ ಸುಗಂಧದ್ರವ್ಯಕ್ಕೆ ಹೋಗುತ್ತದೆ. ಮನೆಯೊಳಗೆ ಚಿತ್ರಗಳು, ಕೆತ್ತನೆಗಳು, ಕಲಾವಸ್ತುಗಳು. ಗಂಡನ ಚಿತ್ರಗಳಲ್ಲದೆ ಮಾವ ನಿಕೊಲಾಸ್ ರೋರಿಕರ ಹಿಮಾಲಯದ ಚಿತ್ರಗಳೂ ಈ ಕುಟುಂಬದ ಸೊತ್ತಾಗಿದ್ದವು.

ಈ ಮಾವನವರ ವಿಷಯ ಒಂದಿಷ್ಟು ಹೇಳಲೇಬೇಕು. ಯುದ್ಧವಿರಲಿ ಶಾಂತಿಯಿರಲಿ, ಕಲಾಸಂಪತ್ತಿಗೆ ಯಾರೂ ಕೈಹಚ್ಚಬಾರದೆಂದು ಜಗತ್ತಿನ ಸರಕಾರಗಳನ್ನು ಒಪ್ಪಿಸಹೊರಟವರು ಅವರು. 1935ರ ಏಪ್ರಿಲ್ 15ರಂದು ವಾಷಿಂಗ್ಟನ್ನಿನಲ್ಲಿ ಸಹಿಯಾದ ಒಪ್ಪಂದಕ್ಕೆ ರೋರಿಕ್ ಒಪ್ಪಂದವೆಂದೇ ಹೆಸರು. ಕುಲು ಕಣಿವೆಯ ನಗ್ಗರದಲ್ಲಿ ನೆಲೆಸಿ 1947ರಲ್ಲಿ ಅಲ್ಲಿಯೇ ತೀರಿಕೊಂಡರು. ಅಂಥವರ ಸೊಸೆ ಮಗನ ಮನೆಯ ಕಲಾವಸ್ತುಗಳನ್ನು ಉಳಿಸಲು ಮುಂದೆ ಶಾಸನಸಭೆ ಕಾಯಿದೆ ಮಾಡಬೇಕಾಗಿ ಬಂದದ್ದು ವಿಚಿತ್ರವೇ ಸರಿ.

ದಂಪತಿಗಳಿಗೆ ಮಕ್ಕಳಿರಲಿಲ್ಲ. 1993ರ ಜನವರಿ 30ರಂದು ಗಂಡ, 1994ರ ಮಾರ್ಚ್ 9ರಂದು ಹೆಂಡತಿ ಕಾಲವಾದರು. ತೋಟದ ಒಂದು ಭಾಗ ತಮಗೆ ಕ್ರಯವಾಗಿದೆಯೆಂದು ಕಂಪನಿಯೊಂದು ಮುಂದೆ ಬಂದಿತು. ಕರ್ನಾಟಕ ಸರಕಾರ 1996ರಲ್ಲಿ ವಿಶೇಷ ಕಾಯಿದೆಯ ಮೂಲಕ ಎಸ್ಟೇಟನ್ನೇ ಸ್ವಾಧೀನಪಡಿಸಿಕೊಂಡಿತು. ಮರಗಳನ್ನೂ ಚಿತ್ರ, ಕೆತ್ತನೆಗಳನ್ನೂ ಕಾಪಾಡುವುದು, ಕಲಾ ಗ್ಯಾಲರಿ ಸಹಿತ ವಸ್ತುಸಂಗ್ರಹಾಲಯ ಕಟ್ಟುವುದು ಅದರ ಉದ್ದೇಶ. ವ್ಯಾಜ್ಯ ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಸಂವಿಧಾನ ಪೀಠದವರೆಗೆ ಏರಿ, 2011ರ ಆಗಸ್ಟ್ 9ರಂದು ಕಾಯಿದೆ ಸಿಂಧುವೆಂದು ತೀರ್ಪಾಯಿತು. ಹೆಂಡತಿ ತೀರಿಕೊಂಡು ಅಷ್ಟರಲ್ಲಿ 17 ವರ್ಷ ಕಳೆದಿತ್ತು. ಬಣ್ಣ, ಬಟ್ಟೆ, ಮರ ಇವು ಕೋರ್ಟಿನ ವಾಯಿದೆಗಾಗಿ ಕಾಯುವ ವಸ್ತುಗಳಲ್ಲ. ಗೆದ್ದಲಿಗೆ ತಡೆಯಾಜ್ಞೆ ಅನ್ವಯಿಸದು.

ಮಾಸ್ಕೋಗೆ ಹೋದ ಪಾಲಿಗೂ ನೆಮ್ಮದಿಯಿರಲಿಲ್ಲ. 1990ರಲ್ಲಿ ಸ್ವೆತೊಸ್ಲಾವ್ ತಂದೆ ತಾಯಿಯರ ಚಿತ್ರಗಳನ್ನೂ ಕಾಗದಪತ್ರಗಳನ್ನೂ ಅಲ್ಲಿನ ಸಂಸ್ಥೆಯೊಂದಕ್ಕೆ ಒಪ್ಪಿಸಿದರು. ಮುಂದೆ ಸೋವಿಯತ್ ದೇಶವೇ ಇಲ್ಲದಾಯಿತು. ಹಕ್ಕು ಯಾರದೆಂಬ ಜಗಳ ಬೆಳೆದು, 2017ರಲ್ಲಿ ಆ ಮ್ಯೂಸಿಯಮ್ಮಿನ ಕಟ್ಟಡ ಸರಕಾರಿ ಪೌರಸ್ತ್ಯ ಕಲಾ ಸಂಗ್ರಹಾಲಯದ ಕೈಸೇರಿತು. ಇಷ್ಟರ ನಡುವೆ ಬೆಂಗಳೂರಿನ ಚಿತ್ರಕಲಾ ಪರಿಷತ್ತಿಗೆ ಹೋದ ಚಿತ್ರಗಳು ರೋರಿಕ್ ಹೆಸರಿನ ಗ್ಯಾಲರಿಯಲ್ಲಿ ಸಾರ್ವಜನಿಕರ ಕಣ್ಣಿಗೆ ಬೀಳುತ್ತಿವೆ. ತಾವು ಬದುಕಿರುವಾಗಲೇ ಹತ್ತಿರದ, ಬಾಳುವ ಸಂಸ್ಥೆಯೊಂದರ ಕೈಗಿತ್ತದ್ದು ಉಳಿಯಿತೆಂದು ನಮಗೆ ತೋರುತ್ತದೆ. ನಮ್ಮ ಮಂಜೇಶ್ವರದ ಗೋವಿಂದ ಪೈಗಳ ಪುಸ್ತಕಗಳಿಗೆ ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ನೆಲೆ ಸಿಕ್ಕಿದುದು ಓದುಗರಿಗೆ ಗೊತ್ತಿದೆ.

ಮಡಕಶಿರಾ ಸೀಮೆಗೆ ಬಂದರೆ ಅಲ್ಲಿ ಕಲೆ ಚದುರುವುದು ಹೊಸ ಕಥೆಯಲ್ಲ. ಅಲ್ಲಿನ ಹೇಮಾವತಿಯೇ ಶಾಸನಗಳ ಹೆಂಜೇರು, ನೊಳಂಬರ ರಾಜಧಾನಿ. ದೊಡ್ಡೇಶ್ವರ ದೇಗುಲದ ಜಾಲಂಧ್ರಗಳನ್ನೂ, ನಯವಾಗಿ ಹೊಳೆಯುವ ಕರಿಕಲ್ಲಿನ ಕಂಬಗಳನ್ನೂ ಕಂಡವರು ಮರೆಯಲಾರರು. ಚೋಳರು ನೊಳಂಬವಾಡಿಯ ಕಂಬಗಳನ್ನು ತಿರುವೈಯಾರಿಗೆ ಹೊತ್ತೊಯ್ದರು. ಇನ್ನೆಷ್ಟೋ ಶಿಲ್ಪಗಳು ಮದರಾಸಿನ ಮ್ಯೂಸಿಯಮ್ ಸೇರಿದವು. ಅಲ್ಲಿ ಅವಕ್ಕೆ ನಂಬರು ಬಿತ್ತು, 1964ರಲ್ಲಿ ಸಿ. ಶಿವರಾಮಮೂರ್ತಿಯವರು ಪುಸ್ತಕವನ್ನೇ ಬರೆದರು. ಊರು ಬಿಟ್ಟವು ನಿಜ, ಆದರೆ ಯಾವ ಊರಿನವು ಎಂಬುದು ಅಳಿಸಿಹೋಗಲಿಲ್ಲ.

ಮನೆಯ ವಸ್ತುವಿಗೆ ಆ ಭಾಗ್ಯವನ್ನು ಮನೆಯವರೇ ಮಾಡಿಕೊಡಬೇಕು. 1972ರ ಪ್ರಾಚ್ಯವಸ್ತು ಕಾಯಿದೆ 1976ರಿಂದ ಜಾರಿಯಲ್ಲಿದೆ. ನೂರು ವರ್ಷ ದಾಟಿದ ಕಲ್ಲು, ಲೋಹದ ವಿಗ್ರಹ, ಚಿತ್ರಗಳನ್ನು ಇಟ್ಟುಕೊಂಡವರು ನೋಂದಣಾಧಿಕಾರಿಯಲ್ಲಿ ಫೋಟೋ ಸಹಿತ ದಾಖಲಿಸಬೇಕು. ದಾಖಲಿಸಿದರೆ ಸರಕಾರ ಎತ್ತಿಕೊಂಡು ಹೋಗುತ್ತದೆಂಬ ಹೆದರಿಕೆ ಅಲ್ಲೂ ಇದೆ, ನಮ್ಮಲ್ಲೂ ಇದೆ. ನೋಂದಣಿಯಿಂದ ಒಡೆತನ ಹೋಗುವುದಿಲ್ಲ. ಕಳವಾದಾಗ ಇದು ನಮ್ಮದೆಂದು ತೋರಿಸಲು ಅದೇ ಕಾಗದ ಬೇಕು. ಓಲೆಗರಿಯ ಕಟ್ಟಿಗಾದರೆ ಒಂದು ಚೀಟಿ ಸಾಕು: ಯಾವ ಗ್ರಂಥ, ಯಾರು ಬರೆದದ್ದು, ಯಾರ ಕಾಲದಲ್ಲಿ ಮನೆಗೆ ಬಂತು. ಆ ಚೀಟಿಯನ್ನು ಕನ್ನಡದಲ್ಲೂ, ರಾಯದುರ್ಗದವರು ಜೊತೆಗೆ ತೆಲುಗಿನಲ್ಲೂ, ನಮ್ಮವರು ಮಲೆಯಾಳದಲ್ಲೂ ಬರೆದಿಡಲಿ. ಅಟ್ಟದ ಪೆಟ್ಟಿಗೆಯಲ್ಲಿರುವುದೇನೆಂದು ಹೇಳಬಲ್ಲ ಹಿರಿಯರು ಇನ್ನೂ ಕೆಲವರಿದ್ದಾರೆ. ಮಳೆಗಾಲಕ್ಕೆ ಮುಂಚೆ ಅವರನ್ನು ಕೂರಿಸಿಕೊಂಡು ಪೆಟ್ಟಿಗೆ ಬಿಚ್ಚುವುದು ಲೇಸು.