ಕೋಡ್ ಓದಲು ಬಾರದೆ ಬರೆಯುವುದು ಹೇಗೆ?

ಪ್ರೋಗ್ರಾಮಿಂಗ್‌ನ ಮೊದಲ ಕೋರ್ಸ್ ಮುಗಿಸಿದವರಿಗೆ ಒಂದು ಸಾಧಾರಣ ಪ್ರೋಗ್ರಾಮ್ ಬರೆಯಲು ಬರಬೇಕು ಎಂದು ಅಧ್ಯಾಪಕರೆಲ್ಲ ನಂಬಿರುತ್ತಾರೆ. ಮೈಕೆಲ್ ಮೆಕ್ರಾಕನ್ ನೇತೃತ್ವದ ಅಂತರರಾಷ್ಟ್ರೀಯ ತಂಡವೊಂದು 2001ರಲ್ಲಿ ಈ ನಂಬಿಕೆಯನ್ನು ಪರೀಕ್ಷೆಗೊಡ್ಡಿತು. ನಾಲ್ಕು ವಿಶ್ವವಿದ್ಯಾಲಯಗಳ 216 ವಿದ್ಯಾರ್ಥಿಗಳಿಗೆ ಕ್ಯಾಲ್ಕುಲೇಟರ್‌ನಂತೆ ಲೆಕ್ಕ ಮಾಡುವ ಪ್ರೋಗ್ರಾಮ್ ಬರೆಯಲು ಹೇಳಲಾಯಿತು. 110 ಅಂಕಗಳಿಗೆ ಬಂದ ಸರಾಸರಿ 22.89. ಸಮಸ್ಯೆಯನ್ನು ಬಿಡಿಸಿ, ಬಿಡಿಭಾಗಗಳಿಗೆ ಪರಿಹಾರ ಹುಡುಕಿ, ಮತ್ತೆ ಜೋಡಿಸುವ ಶಕ್ತಿ ವಿದ್ಯಾರ್ಥಿಗಳಲ್ಲಿ ಸಾಲದು ಎಂಬ ವಿವರಣೆ ಸಹಜವಾಗಿಯೇ ಮುಂದೆ ಬಂತು. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಪಾಠ ಹೇಳುತ್ತಿದ್ದ ರೇಮಂಡ್ ಲಿಸ್ಟರ್ ಅದಕ್ಕಿಂತ ಹಿಂದಿನ ಪ್ರಶ್ನೆಯೊಂದನ್ನು ಎತ್ತಿದರು: ಇವರಿಗೆ ಬೇರೆಯವರು ಬರೆದ ನಾಲ್ಕು ಸಾಲಿನ ಕೋಡನ್ನಾದರೂ ಓದಲು ಬರುತ್ತದೆಯೇ?

ಲಿಸ್ಟರ್ ಮತ್ತು ಸಂಗಡಿಗರು 2004ರಲ್ಲಿ ಏಳು ದೇಶಗಳ ವಿದ್ಯಾರ್ಥಿಗಳ ಮುಂದೆ 12 ಬಹು ಆಯ್ಕೆಯ ಪ್ರಶ್ನೆಗಳನ್ನಿಟ್ಟರು. ಇಲ್ಲಿ ಹೊಸದಾಗಿ ಏನನ್ನೂ ಕಟ್ಟಬೇಕಾಗಿರಲಿಲ್ಲ. ಲೂಪ್ ಮತ್ತು ಅರೇಗಳಿರುವ ಚಿಕ್ಕ ತುಣುಕನ್ನು ಓದಿ, ಅದು ಓಡಿದ ಮೇಲೆ ಬರುವ ಉತ್ತರ ಯಾವುದೆಂದೋ, ಬಿಟ್ಟ ಸಾಲು ಯಾವುದೆಂದೋ ಗುರುತಿಸಿದರೆ ಸಾಕಿತ್ತು. ಅಷ್ಟಕ್ಕೂ ತಡವರಿಸಿದವರು ಬಹಳ ಮಂದಿ. ರಫ್ ಹಾಳೆಗಳೂ ಒಂದು ಕತೆ ಹೇಳಿದವು. ಪ್ರತಿ ಸುತ್ತಿನಲ್ಲೂ ಪ್ರತಿ ವೇರಿಯಬಲ್‌ನ ಬೆಲೆ ಎಷ್ಟಾಯಿತೆಂದು ಬರೆದುಕೊಂಡು ಹೋದವರು ಹೆಚ್ಚಾಗಿ ಸರಿಯುತ್ತರ ಮುಟ್ಟಿದ್ದರು. ಕಂಪ್ಯೂಟರ್ ಮಾಡುವುದನ್ನು ಹೆಜ್ಜೆಹೆಜ್ಜೆಯಾಗಿ ಹಿಂಬಾಲಿಸುವ ಈ ಟ್ರೇಸಿಂಗ್ ಕೌಶಲವೇ ಕೈಕೊಟ್ಟಾಗ ಸಮಸ್ಯೆ ಬಿಡಿಸುವ ಶಕ್ತಿಯ ಮಾತು ಎಲ್ಲಿಂದ ಬರಬೇಕು?

ಓದುವುದರಲ್ಲೂ ಮೆಟ್ಟಿಲುಗಳಿವೆ ಎಂಬುದು ಆಮೇಲಿನ ಕೆಲಸದಿಂದ ತಿಳಿಯಿತು. ಲಿಸ್ಟರ್ ಹಾಗೂ ನ್ಯೂಜಿಲೆಂಡಿನ ಜಾಕ್ವೆಲಿನ್ ವ್ಯಾಲಿ ಮೊದಲಾದವರು, ಕೊಟ್ಟ ಕೋಡ್ ಏನು ಮಾಡುತ್ತದೆಂದು ಸರಳ ಮಾತಿನಲ್ಲಿ ಹೇಳಿ ಎಂಬ ಪ್ರಶ್ನೆಯನ್ನು ಪರೀಕ್ಷೆಗೆ ತಂದರು. ಒಂದು ತುಣುಕು, ಅರೇಯಲ್ಲಿರುವ ಸಂಖ್ಯೆಗಳು ಏರಿಕೆಯ ಕ್ರಮದಲ್ಲಿವೆಯೇ ಎಂದು ನೋಡುತ್ತಿತ್ತು. ಅಧ್ಯಾಪಕರು ಅದನ್ನು ಒಂದೇ ವಾಕ್ಯದಲ್ಲಿ ಹೇಳಿದರೆ, ಅನೇಕ ವಿದ್ಯಾರ್ಥಿಗಳು ಪ್ರತಿ ಸಾಲಿಗೂ ಒಂದೊಂದು ವಿವರಣೆ ಕೊಟ್ಟು ನಿಂತರು. ಇನ್ನೂ ಸರಳವಾದ ಉದಾಹರಣೆ ನೋಡಿ: ಟಿ = ಎ; ಎ = ಬಿ; ಬಿ = ಟಿ. ಎ 5, ಬಿ 8 ಆಗಿದ್ದರೆ ಕೊನೆಗೆ ಏನಾಗುತ್ತದೆಂದು ಲೆಕ್ಕ ಹಾಕಬಲ್ಲವರಿಗೂ, ಈ ಮೂರು ಸಾಲು ಸೇರಿ ಎರಡು ಬೆಲೆಗಳನ್ನು ಅದಲುಬದಲು ಮಾಡುತ್ತವೆ ಎಂಬುದು ಹೊಳೆಯದೆ ಇರಬಹುದು. ಲಿಸ್ಟರ್ 2011ರಲ್ಲಿ ಇದನ್ನು ಮನೋವಿಜ್ಞಾನಿ ಪಿಯಾಜೆಯ ವಿಕಾಸದ ಹಂತಗಳ ಚೌಕಟ್ಟಿನಲ್ಲಿಟ್ಟು ವಿವರಿಸಿದರು. ಟ್ರೇಸ್ ಮಾಡಲಾಗದ್ದು ಮೊದಲ ಹಂತ. ಟ್ರೇಸ್ ಮಾಡಿದರೂ ಸಾಲುಗಳ ನಡುವಿನ ಸಂಬಂಧ ಕಾಣದೆ, ಬಂದ ಉತ್ತರ ನೋಡಿ ಉದ್ದೇಶವನ್ನು ಊಹಿಸುವುದು ಎರಡನೆಯದು. ಸಂಬಂಧಗಳನ್ನು ಹಿಡಿದು ತರ್ಕಿಸುವುದು ಮೂರನೆಯದು. ನನಗೆ ಅವರ ಕೆಲಸದಲ್ಲಿ ಅತ್ಯಂತ ಬೆಲೆಯುಳ್ಳದ್ದೆಂದು ಕಾಣುವುದು ಈ ಎರಡನೇ ಹಂತದ ಗುರುತು. ಅಲ್ಲಿರುವ ವಿದ್ಯಾರ್ಥಿ ಸೋಮಾರಿಯಲ್ಲ, ದಡ್ಡನೂ ಅಲ್ಲ. ಮೂರನೇ ಹಂತದವರಿಗೆಂದು ರೂಪಿಸಿದ ಪಾಠವನ್ನು ಕೇಳುತ್ತ ಕುಳಿತಿದ್ದಾನೆ, ಅಷ್ಟೆ.

ಈಜು ಬರಬೇಕಾದರೆ ನೀರಿಗಿಳಿಯಬೇಕು, ಬರೆಯುವುದನ್ನು ಬರೆದೇ ಕಲಿಯಬೇಕು ಎಂಬ ಆಕ್ಷೇಪ ಹಳೆಯದು, ತೂಕವುಳ್ಳದ್ದೂ ಹೌದು. ಟ್ರೇಸ್ ಮಾಡುವ, ವಿವರಿಸುವ ಸಾಮರ್ಥ್ಯಕ್ಕೂ ಬರೆಯುವ ಸಾಮರ್ಥ್ಯಕ್ಕೂ ಬಲವಾದ ನಂಟಿದೆ ಎಂದು 2008ರ ಅಧ್ಯಯನವೊಂದು ಅಂಕಗಳ ವಿಶ್ಲೇಷಣೆಯಿಂದ ತೋರಿಸಿತು. ಆದರೆ ನಂಟಿದ್ದ ಮಾತ್ರಕ್ಕೆ ಒಂದು ಇನ್ನೊಂದರ ಕಾರಣವಾಗುವುದಿಲ್ಲ. ಇಲ್ಲಿ ಬೇರೆ ದಿಕ್ಕಿನ ಪುರಾವೆ ನೆರವಿಗೆ ಬರುತ್ತದೆ. ಸಿಡ್ನಿಯವರೇ ಆದ ಜಾನ್ ಸ್ವೆಲ್ಲರ್ ಮತ್ತು ಗ್ರಹಾಂ ಕೂಪರ್ 1985ರಲ್ಲಿ ಬೀಜಗಣಿತದ ಮೇಲೆ ಪ್ರಯೋಗಗಳನ್ನೇ ನಡೆಸಿದ್ದರು. ಬಿಡಿಸಿಟ್ಟ ಲೆಕ್ಕಗಳನ್ನು ಓದಿದ ಹೊಸಬರು, ಅದೇ ಬಗೆಯ ಲೆಕ್ಕಗಳನ್ನು ತಾವೇ ಗುದ್ದಾಡಿ ಬಿಡಿಸಿದವರಿಗಿಂತ ಬೇಗ ಕಲಿತರು. ಬರೆಯುವಾಗ ವ್ಯಾಕರಣ, ಯೋಜನೆ, ವೇರಿಯಬಲ್‌ಗಳ ಬೆಲೆ ಎಲ್ಲವೂ ಒಟ್ಟಿಗೆ ಮನಸ್ಸಿನ ಮೇಲೆ ಕೂರುತ್ತವೆ. ಓದುವಾಗ ಆ ಹೊರೆ ಹಗುರ. ಬರೆಯುವುದನ್ನು ಬಿಡಿ ಎಂದು ಯಾರೂ ಹೇಳುತ್ತಿಲ್ಲ. ಹೊಸಬರ ಮೊದಲ ವಾರಗಳಲ್ಲಿ ಓದಿಗೆ ಸಿಗುವ ಪಾಲು ತೀರ ಕಡಿಮೆ ಎಂಬುದಷ್ಟೇ ವಾದ.

ಕೆಲವರಿಗೆ ಪ್ರೋಗ್ರಾಮಿಂಗ್ ಹುಟ್ಟಿನಿಂದಲೇ ಬರುತ್ತದೆ, ಉಳಿದವರಿಗೆ ಯಾವ ಪಾಠವೂ ಹತ್ತುವುದಿಲ್ಲ ಎನ್ನುವವರೂ ಇದ್ದಾರೆ. ತರಗತಿಯ ಅಂಕಗಳು ಎರಡು ಗುಡ್ಡೆಯಾಗಿ ಬೀಳುತ್ತವೆ ಎಂಬುದು ಅವರು ಕೊಡುವ ಸಾಕ್ಷಿ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ 778 ಕಂಪ್ಯೂಟರ್ ವಿಜ್ಞಾನ ತರಗತಿಗಳ ಅಂತಿಮ ಅಂಕಗಳನ್ನು ಪರಿಶೀಲಿಸಿ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದಕ್ಕಿಂತ ಹೆಚ್ಚು ಶಿಖರವಿದ್ದವು ಕೇವಲ ಶೇಕಡಾ 5.8. ಎರಡು ಜಾತಿಯ ವಿದ್ಯಾರ್ಥಿಗಳಿದ್ದಾರೆಂಬ ನಂಬಿಕೆ, ಅಂಕಪಟ್ಟಿಯಲ್ಲಿಲ್ಲದ್ದನ್ನು ಅದರಲ್ಲಿ ಕಾಣಿಸುತ್ತಿರಬಹುದು.

ಈಗ ಕೃತಕ ಬುದ್ಧಿಮತ್ತೆ ಕೇಳಿದ ಕೋಡನ್ನು ಕ್ಷಣದಲ್ಲಿ ಬರೆದುಕೊಡುತ್ತದೆ, ಇದೆಲ್ಲ ಏಕೆ ಎಂಬ ಪ್ರಶ್ನೆಯೂ ಇದೆ. ಬರೆಯುವ ಕೆಲಸ ಯಂತ್ರದ ಪಾಲಾದಷ್ಟೂ, ಅದು ಬರೆದದ್ದು ಸರಿಯೇ ಎಂದು ಓದಿ ಹೇಳುವ ಕೆಲಸ ಮನುಷ್ಯನ ಮೇಲೆಯೇ ಬೀಳುತ್ತದೆ. ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಸಿ ಭಾಷೆಯ ಲ್ಯಾಬ್ ಪರೀಕ್ಷೆಗೆ ಮೊದಲೇ ಗೊತ್ತಿರುವ ಪ್ರೋಗ್ರಾಮ್‌ಗಳ ಪಟ್ಟಿಯಿರುತ್ತದೆ. ಅದನ್ನು ಬಾಯಿಪಾಠ ಮಾಡಿ ಬರೆದವರನ್ನೂ ಅರ್ಥ ಮಾಡಿಕೊಂಡು ಬರೆದವರನ್ನೂ ಉತ್ತರಪತ್ರಿಕೆ ಬೇರ್ಪಡಿಸಲಾರದು. ಅದೇ ಪರೀಕ್ಷೆಯಲ್ಲಿ ಹಿಂದೆಂದೂ ಕಾಣದ ಆರು ಸಾಲಿನ ಕೋಡ್ ಕೊಟ್ಟು, ಇದು ಏನು ಮಾಡುತ್ತದೆಂದು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಒಂದೇ ವಾಕ್ಯದಲ್ಲಿ ಬರೆಯಿರಿ ಎಂದು ಕೇಳಲು ಹೊಸ ಕಂಪ್ಯೂಟರ್ ಬೇಡ, ಹೆಚ್ಚಿನ ಸಮಯವೂ ಬೇಡ.