ದಾರವಿಲ್ಲದ ಗಾಳಿಪಟ

ಬೆಂಗಳೂರಿನಿಂದ ಉತ್ತರಕ್ಕೆ ಹೊರಟ ಹೆದ್ದಾರಿಯು ದೇವನಹಳ್ಳಿಯನ್ನು ದಾಟಿ ಚಿಕ್ಕಬಳ್ಳಾಪುರದತ್ತ ಸಾಗುವ ದಾರಿಯಲ್ಲಿ ಆವತಿ ಎಂಬ ಊರು ಸಿಗುತ್ತದೆ. ಊರಿನ ಬದಿಗೆ ಬೆಟ್ಟ. ಬೆಟ್ಟದ ಮೇಲೆ ತಿಮ್ಮರಾಯಸ್ವಾಮಿಯ ಗುಡಿ. ರಣಭೈರೇಗೌಡನು ತನ್ನ ಬಂಧುಗಳೊಡನೆ ವಲಸೆ ಬಂದು ನೆಲೆಸಿದ್ದು ಇಲ್ಲಿಯೇ ಎಂದು ಐತಿಹ್ಯ ಹೇಳುತ್ತದೆ. ಆ ಮನೆತನದ ಮಲ್ಲಭೈರೇಗೌಡನು 1501ರಲ್ಲಿ ದೇವನಹಳ್ಳಿಯ ಕೋಟೆಯನ್ನು ಕಟ್ಟಿಸಿದನು. ಅದರ ಯಲಹಂಕದ ಶಾಖೆಯಲ್ಲಿ ಬೆಂಗಳೂರಿನ ನಿರ್ಮಾತೃ ಕೆಂಪೇಗೌಡನು ಜನಿಸಿದನು. 2008ರಲ್ಲಿ ದೇವನಹಳ್ಳಿಯ ಬಳಿ ಆರಂಭವಾದ ವಿಮಾನನಿಲ್ದಾಣವು ಇಂದು ಆ ನಾಡಪ್ರಭುವಿನ ಹೆಸರನ್ನೇ ಹೊತ್ತಿದೆ.

ಈ ಸೀಮೆಯ ಮಕ್ಕಳು ವಿಮಾನಗಳನ್ನು ನೋಡುತ್ತಲೇ ಬೆಳೆಯುತ್ತಾರೆ. ಅವರಲ್ಲಿ ಯಾರಿಗಾದರೂ ತಾನೂ ಒಂದು ವಿಮಾನವನ್ನು ಹಾರಿಸಬೇಕೆಂಬ ಹಂಬಲ ಹುಟ್ಟಿದರೆ ಅದರಲ್ಲಿ ಆಶ್ಚರ್ಯವೇನು? ಹಗುರವಾದ ಮರದಿಂದಲೋ ಥರ್ಮೋಕೋಲಿನಿಂದಲೋ ಮಾಡಿದ ಮಾದರಿ ವಿಮಾನವನ್ನು ಕೈಯಲ್ಲಿನ ಪುಟ್ಟ ಟ್ರಾನ್ಸ್‌ಮಿಟರ್ ಪೆಟ್ಟಿಗೆಯಿಂದ ರೇಡಿಯೋ ಮೂಲಕ ನಡೆಸುವ ಹವ್ಯಾಸ ಈಗ ಅನೇಕ ಮನೆಗಳನ್ನು ಹೊಕ್ಕಿದೆ.

ಆಷಾಢದ ಗಾಳಿಯಲ್ಲಿ ಗಾಳಿಪಟ ಹಾರಿಸುವುದು ನಮ್ಮ ನಾಡಿಗೆ ಹೊಸದಲ್ಲ. ಆದರೆ ಗಾಳಿಪಟಕ್ಕೆ ದಾರವುಂಟು. ಮಾದರಿ ವಿಮಾನಕ್ಕೆ ರೇಡಿಯೋ ಅಲೆಯೇ ದಾರ. ಆ ದಾರವನ್ನು ನೂಲುವುದು ಪೆಟ್ಟಿಗೆಯ ಬೆನ್ನಿನಲ್ಲಿರುವ ನಾಲ್ಕೆಂಟು ಸೆಲ್ಲುಗಳು. ಅವು ಬರಿದಾದರೆ ದಾರ ಕಡಿಯಿತೆಂದೇ ಅರ್ಥ. ದಾರ ಕಡಿದ ಗಾಳಿಪಟ ಯಾವುದೋ ಹುಣಸೆಮರಕ್ಕೆ ಸಿಕ್ಕಿಕೊಂಡೀತು. ಕಿಲೋಗ್ರಾಂ ತೂಕದ ವಿಮಾನವಾದರೋ ತಿರುಗುವ ರೆಕ್ಕೆಯೊಡನೆ ಹೊಲದಲ್ಲಿ ಕಳೆ ಕೀಳುತ್ತಿರುವವರ ಮೇಲೆ ಬೀಳಬಹುದು, ಹೆದ್ದಾರಿಯ ವಾಹನಗಳ ನಡುವೆ ನುಗ್ಗಬಹುದು. ಸೆಲ್ಲಿನ ವಿಚಾರ ಸಣ್ಣದೆಂದು ಅಲಕ್ಷಿಸುವಂತಿಲ್ಲ.

ಈ ವಿದ್ಯೆಯ ಆದಿಯಲ್ಲಿಯೂ ಮರಳಿ ತುಂಬಿಸಬಹುದಾದ ಬ್ಯಾಟರಿಯೇ ಇದ್ದಿತು. 1898ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕಿನ ಪ್ರದರ್ಶನವೊಂದರಲ್ಲಿ ತಂತಿಯಿಲ್ಲದೆ ಪುಟ್ಟ ದೋಣಿಯನ್ನು ನೀರಿನಲ್ಲಿ ತಿರುಗಿಸಿ ತೋರಿಸಿದನು. ಆ ದೋಣಿಯ ಒಡಲಿನಲ್ಲಿದ್ದುದು ಸಂಚಯಕ ಬ್ಯಾಟರಿ. ಮರುವರ್ಷವೇ ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿಯನ್ನು ಕಂಡುಹಿಡಿದನು. ಹವ್ಯಾಸಿಗಳ ಪೆಟ್ಟಿಗೆಗಳಲ್ಲಿ ದಶಕಗಳ ಕಾಲ ಮೆರೆದದ್ದು ಇದೇ ಬಗೆ. ಈಗ ಅದರ ಸ್ಥಾನವನ್ನು ನಿಕ್ಕಲ್-ಮೆಟಲ್ ಹೈಡ್ರೈಡ್ ಮತ್ತು ಲಿಥಿಯಂ ಜಾತಿಯವು ಆಕ್ರಮಿಸಿವೆ.

ಒಂದೂವರೆಗೆ ಬದಲು ಒಂದು ದಶಾಂಶ ಎರಡು

ಅಂಗಡಿಯ ಸಾಧಾರಣ ಸೆಲ್ಲನ್ನು ಬರಿದಾದೊಡನೆ ಎಸೆಯಬೇಕು. ಪ್ರತಿ ಭಾನುವಾರ ಹಾರಾಟಕ್ಕೆ ಹೋಗುವ ಮನೆಯಲ್ಲಿ ಈ ವೆಚ್ಚ ತಿಂಗಳ ಲೆಕ್ಕದಲ್ಲಿ ಎದ್ದು ಕಾಣುತ್ತದೆ. ಮರಳಿ ಚಾರ್ಜು ಮಾಡುವ ಸೆಲ್ಲಿಗೆ ಮೊದಲ ಬೆಲೆ ಹೆಚ್ಚು. ಆದರೆ ಜೋಪಾನ ಮಾಡಿದರೆ ನೂರಾರು ಬಾರಿ ಬಳಕೆಗೆ ಬರುತ್ತದೆ. ಆದುದರಿಂದ ಆಯ್ಕೆಯ ವಿಷಯದಲ್ಲಿ ಸಂದೇಹವಿಲ್ಲ. ಸಂದೇಹ ಹುಟ್ಟುವುದು ವೋಲ್ಟಿನ ಲೆಕ್ಕದಲ್ಲಿ.

ಸಾಧಾರಣ ಸೆಲ್ಲು 1.5 ವೋಲ್ಟ್, ನಿಕ್ಕಲ್ ಜಾತಿಯ ಸೆಲ್ಲು 1.2 ವೋಲ್ಟ್. ಎಂಟನ್ನು ಸಾಲಾಗಿ ಜೋಡಿಸಿದರೆ ಮೊದಲನೆಯದಕ್ಕೆ 12, ಎರಡನೆಯದಕ್ಕೆ 9.6. ಎಂಟು ಸೆಲ್ಲಿನ ಅನೇಕ ಟ್ರಾನ್ಸ್‌ಮಿಟರುಗಳು ಈ 9.6 ವೋಲ್ಟಿಗೇ ಸಿದ್ಧವಾದುವು. ಅವು ಅಂಜದೆ ಕೆಲಸ ಮಾಡುತ್ತವೆ. ಆದರೆ ಸಾಧಾರಣ ಸೆಲ್ಲಿಗೆಂದು ಹೊಂದಿಸಿದ ಸೂಚಕವು, ಆಗತಾನೆ ತುಂಬಿಸಿ ತಂದ ನಿಕ್ಕಲ್ ಸೆಲ್ಲನ್ನು ಕಂಡು ಅರ್ಧ ಖಾಲಿಯಾಯಿತೆಂದು ಹೇಳಬಹುದು. ಹೊಸ ಪೆಟ್ಟಿಗೆಗಳು ಹಲವುದರಲ್ಲಿ ಬ್ಯಾಟರಿಯ ಜಾತಿಯನ್ನೋ ಎಚ್ಚರಿಕೆಯ ಮಟ್ಟವನ್ನೋ ಬದಲಾಯಿಸುವ ಅನುಕೂಲವಿದೆ. ಅದನ್ನು ಮೊದಲು ಸರಿಪಡಿಸಬೇಕು.

ಮುಳ್ಳು ಹೇಳದ ಮಾತು

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಸಾಧಾರಣ ಸೆಲ್ಲು ಮುದಿ ಎತ್ತಿನಂತೆ. ದಣಿದಷ್ಟೂ ಹೆಜ್ಜೆ ನಿಧಾನವಾಗುತ್ತದೆ, ರೈತನಿಗೆ ಮೊದಲೇ ತಿಳಿಯುತ್ತದೆ. ನಿಕ್ಕಲ್ ಸೆಲ್ಲು ಹಾಗಲ್ಲ. ಒಂದೇ ಸಮನೆ ನೊಗ ಎಳೆದು, ಕೊನೆಗೆ ಇದ್ದಕ್ಕಿದ್ದಂತೆ ಮಂಡಿಯೂರುತ್ತದೆ. ವೋಲ್ಟ್ ಬಹುಪಾಲು ಹೊತ್ತು ಸಮತಟ್ಟಾಗಿ ನಿಂತಿದ್ದು, ಕೊನೆಯ ಕೆಲವು ನಿಮಿಷಗಳಲ್ಲಿ ಕುಸಿಯುತ್ತದೆ. ಎಚ್ಚರಿಕೆಯ ಸದ್ದು ಕೇಳಿದಾಗ ವಿಮಾನ ದೂರದ ಆಗಸದಲ್ಲಿದ್ದರೆ ಇಳಿಸಲು ವೇಳೆ ಸಾಲದು.

ಆದುದರಿಂದ ಅನುಭವಿಗಳು ಮುಳ್ಳಿಗಿಂತ ಗಡಿಯಾರವನ್ನು ಹೆಚ್ಚು ನಂಬುತ್ತಾರೆ. ಲೆಕ್ಕ ಸುಲಭ. ಸೆಲ್ಲಿನ ಮೇಲೆ 600 ಮಿಲಿಆಂಪಿಯರ್-ಗಂಟೆ ಎಂದಿದ್ದು, ಪೆಟ್ಟಿಗೆ 200 ಮಿಲಿಆಂಪಿಯರ್ ಬಳಸುವುದಾದರೆ ಆಯುಷ್ಯ ಮೂರು ಗಂಟೆ. ಅದರಲ್ಲಿ ಎರಡು ಗಂಟೆಯನ್ನು ಮಾತ್ರ ತನ್ನದೆಂದು ತಿಳಿದು, ಮೂರನೆಯದನ್ನು ಆಪತ್ತಿಗೆ ಮೀಸಲಿಡುವುದು ಜಾಣತನ. ಹಾರಿಸಿದ ಹೊತ್ತನ್ನು ಚಿಕ್ಕ ಪುಸ್ತಕದಲ್ಲಿ ಬರೆದಿಡುವ ಕೆಲಸವನ್ನು ಮನೆಯ ಮಕ್ಕಳಿಗೆ ಒಪ್ಪಿಸಬಹುದು. ಗಣಿತದ ಅಭ್ಯಾಸವೂ ಆಯಿತು.

ಕಪಾಟಿನಲ್ಲಿ ಸುಮ್ಮನಿದ್ದರೂ ನಿಕ್ಕಲ್ ಸೆಲ್ಲು ಸೋರುತ್ತಿರುತ್ತದೆ. ಹಳೆಯ ಮಾದರಿಯ ಹೈಡ್ರೈಡ್ ಸೆಲ್ಲು ತಿಂಗಳೊಂದರಲ್ಲಿ ತನ್ನ ಸಂಗ್ರಹದ ಗಣನೀಯ ಭಾಗವನ್ನು ಕಳೆದುಕೊಳ್ಳುತ್ತದೆ. 2005ರಿಂದೀಚೆಗೆ ಬಂದ ಸೋರಿಕೆ ಕಡಮೆಯ ಜಾತಿ ವರ್ಷವಾದರೂ ಬಹುಭಾಗವನ್ನು ಕಾಪಾಡಿಕೊಳ್ಳುತ್ತದೆ. ಏನೇ ಆದರೂ ಹಾರಾಟದ ಮುನ್ನಾದಿನ ಚಾರ್ಜು ಮಾಡುವ ನಿಯಮವನ್ನು ಬಿಡಬಾರದು.

ಸಾಲಿನಲ್ಲಿರುವ ಎಂಟು ಸೆಲ್ಲುಗಳಲ್ಲಿ ಒಂದು ಬಲಹೀನವಾಗಿದ್ದರೆ ಅದು ಮೊದಲು ಬರಿದಾಗುತ್ತದೆ; ಉಳಿದ ಏಳು ಅದರೊಳಗೆ ಪ್ರವಾಹವನ್ನು ಬಲವಂತವಾಗಿ ಹಾಯಿಸಿ ಅದರ ಧ್ರುವಗಳನ್ನೇ ತಿರುಗುಮುರುಗು ಮಾಡಿ ಕೆಡಿಸುತ್ತವೆ. ಹಳತು-ಹೊಸತು, ಬೇರೆ ಬೇರೆ ತಯಾರಕರದು, ಬೇರೆ ಬೇರೆ ಅಳತೆಯದು, ಇವನ್ನು ಎಂದಿಗೂ ಬೆರೆಸಬಾರದು.

ಚಾರ್ಜಿನ ಶಿಸ್ತು

ನಿಕ್ಕಲ್ ಸೆಲ್ಲಿಗೆ ನಿಧಾನವೇ ಮದ್ದು. ಅದರ ಅಳತೆಯ ಹತ್ತನೆಯ ಒಂದು ಪಾಲಿನಂತೆ, ಅಂದರೆ 600ರ ಸೆಲ್ಲಿಗೆ 60 ಮಿಲಿಆಂಪಿಯರಿನಂತೆ, 14ರಿಂದ 16 ಗಂಟೆ ತುಂಬಿಸುವುದು ರೂಢಿಯ ಕ್ರಮ. ಸಾಧಾರಣ ಸೆಲ್ಲನ್ನು ಚಾರ್ಜು ಮಾಡಲು ಯತ್ನಿಸಿದರೆ ಅದು ಸೋರಬಹುದು, ಸಿಡಿಯಲೂಬಹುದು. ಪೆಟ್ಟಿಗೆಯ ಬದಿಯ ತೂತಿನ ಮೂಲಕ ಚಾರ್ಜು ಮಾಡುವವರು, ಎಲ್ಲ ತಯಾರಕರ ಧನ-ಋಣ ಕ್ರಮ ಒಂದೇ ಅಲ್ಲವೆಂಬುದನ್ನು ಮರೆಯಬಾರದು.

ಲಿಥಿಯಂ ಬ್ಯಾಟರಿ ಹಗುರ, ಬಲಶಾಲಿ, ಆದರೆ ಮುಂಗೋಪಿ. ಸಾಮಾನ್ಯ ಲಿಥಿಯಂ ಸೆಲ್ಲು 4.2 ವೋಲ್ಟನ್ನು ಮೀರಬಾರದು. ಮೀರಿದರೆ ಊದಿಕೊಂಡು ಬೆಂಕಿ ಹತ್ತೀತು. ಅದಕ್ಕೆಂದೇ ಮಾಡಿದ ಚಾರ್ಜರು ಬೇಕು. ಬಟ್ಟೆಬರೆಗಳಿಂದ ದೂರ, ಕಲ್ಲಿನ ನೆಲದ ಮೇಲೆ, ಎದುರಿನಲ್ಲಿ ಎಚ್ಚರವಾಗಿರುವವರು ಇದ್ದಾಗಲೇ ಚಾರ್ಜು ಮಾಡಬೇಕು. 2019ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ ಜಾನ್ ಗುಡ್‌ಇನಫ್ ಅವರ ಪ್ರಯೋಗಶಾಲೆಯಿಂದ 1990ರ ದಶಕದಲ್ಲಿ ಹೊರಬಂದ ಲಿಥಿಯಂ-ಕಬ್ಬಿಣ-ಫಾಸ್ಫೇಟ್ ಬಗೆ ಇದಕ್ಕಿಂತ ಸೌಮ್ಯ ಸ್ವಭಾವದ್ದು. ಸೆಲ್ಲಿಗೆ 3.2 ವೋಲ್ಟಿನಂತೆ ಮೂರು ಸೇರಿದರೆ ಸರಿಯಾಗಿ 9.6!

ಆಯುಷ್ಯ ತೀರಿದ ಬ್ಯಾಟರಿಯನ್ನು ಕಸದ ಬುಟ್ಟಿಗೆ ಎಸೆಯಬಾರದು. ಕ್ಯಾಡ್ಮಿಯಂ ವಿಷ, ಮಣ್ಣಿಗೂ ನೀರಿಗೂ ಇಳಿಯುತ್ತದೆ. ಅದನ್ನು ಬೇರೆಯಾಗಿಟ್ಟು ಸಂಗ್ರಹ ಮಾಡುವವರಿಗೆ ಒಪ್ಪಿಸಬೇಕೆಂದು 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ವಿಧಿಸಿವೆ.

ಬಯಲಿಗೆ ಇಳಿಯುವ ಮುನ್ನ

ವಿಮಾನನಿಲ್ದಾಣದ ನೆರೆಹೊರೆಯಲ್ಲಿರುವವರಿಗೆ ಮತ್ತೊಂದು ಹೊಣೆಯುಂಟು. 2021ರ ಡ್ರೋನ್ ನಿಯಮಗಳು ಮಾದರಿ ವಿಮಾನಗಳಿಗೂ ಅನ್ವಯಿಸುತ್ತವೆ. ಆಗಸವನ್ನು ಕೆಂಪು, ಹಳದಿ, ಹಸಿರು ವಲಯಗಳಾಗಿ ವಿಂಗಡಿಸಿ, ನಿಲ್ದಾಣದ ಎಲ್ಲೆಯಿಂದ 8ರಿಂದ 12 ಕಿಲೋಮೀಟರಿನ ನಡುವೆ 200 ಅಡಿಗಿಂತ ಮೇಲೆ ಅಪ್ಪಣೆಯಿಲ್ಲದೆ ಹಾರಿಸಕೂಡದೆಂದು ವಿಧಿಸಲಾಗಿದೆ. ಇನ್ನೂ ಹತ್ತಿರವಾದರೆ ನೆಲಮಟ್ಟದಿಂದಲೇ ಅಪ್ಪಣೆ ಬೇಕು. ಕೇಂದ್ರ ಸರ್ಕಾರದ ನಕ್ಷೆಯಲ್ಲಿ ತಮ್ಮ ಬಯಲು ಯಾವ ಬಣ್ಣದಲ್ಲಿದೆ ಎಂದು ನೋಡಿಕೊಂಡೇ ಹೊರಡಬೇಕು.

ಬಯಲಿನಲ್ಲಿ ಮೊದಲು ಪೆಟ್ಟಿಗೆಯ ಗುಂಡಿ, ಅನಂತರ ವಿಮಾನದ್ದು. ಮುಗಿಸುವಾಗ ಮೊದಲು ವಿಮಾನದ್ದು, ಆಮೇಲೆ ಪೆಟ್ಟಿಗೆಯದು. ಸಂಪರ್ಕ ತಪ್ಪಿದರೆ ಮೋಟಾರು ತಾನಾಗಿ ನಿಲ್ಲುವ ಏರ್ಪಾಟು ಇಂದಿನ ಬಹುತೇಕ ಗ್ರಾಹಕಯಂತ್ರಗಳಲ್ಲಿದೆ. ತಿರುಗುವ ರೆಕ್ಕೆಯನ್ನು ಕಳಚಿ, ನೆಲದ ಮೇಲೆಯೇ ಅದನ್ನು ಪರೀಕ್ಷಿಸಿ ನೋಡುವುದು ಕ್ಷೇಮ.

“ಇನ್ನೊಂದೇ ಒಂದು ಸುತ್ತು, ಅಪ್ಪಾ!” ಎಂದು ಮಗು ಬೇಡಬಹುದು. ಮುಳ್ಳು ಇನ್ನೂ ಮೇಲೆಯೇ ಇದ್ದೀತು. ಆದರೆ ಪುಸ್ತಕದಲ್ಲಿ ಎರಡು ಗಂಟೆ ತುಂಬಿದ್ದರೆ ತಂದೆ ಒಪ್ಪಬಾರದು. ಮುಂದಿನ ಭಾನುವಾರವೂ ಆವತಿಯ ಬೆಟ್ಟ ಅಲ್ಲಿಯೇ ಇರುತ್ತದೆ. ಕ್ಷೇಮವಾಗಿ ಇಳಿದ ವಿಮಾನವೂ ಇರುತ್ತದೆ.